ಜಿಪ್ ಫೈಲಿನ ಕರ್ಣರಿಗೆ

"ಗುರೂ, ನಿನ್ನ ಮಾಡ್ಸ್ ಫೋಲ್ಡರ್ ಪೂರ್ತಿ ಜಿಪ್ ಮಾಡಿ ಡ್ರೈವ್‌ಗೆ ಹಾಕು."

ದಿ ಸಿಮ್ಸ್ 4 ಆಡುವವರ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೆರಡು ಸಲವಾದರೂ ಈ ಕೋರಿಕೆ ಬರುತ್ತೆ. ಹತ್ತು ನಿಮಿಷದಲ್ಲಿ ಯಾರೋ ಪುಣ್ಯಾತ್ಮ ಹಾಕಿಯೂ ಬಿಡ್ತಾನೆ. ಇಪ್ಪತ್ತು ಜಿಬಿ. ಕೆಳಗೆ ಸಾಲುಸಾಲು ಕೈಮುಗಿಯುವ ಇಮೋಜಿ. ಎಲ್ಲರೂ ಇದನ್ನು ಔದಾರ್ಯ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ಇದು ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಕಥೆ.

ಆಡದವರಿಗೆ ಎರಡು ಮಾತು. ಇದರಲ್ಲಿ ಗುಂಡು ಹಾರಿಸೋದಿಲ್ಲ, ಗೆಲ್ಲೋದೂ ಇಲ್ಲ. ಮನೆ ಕಟ್ಟಿ, ಪುಟ್ಟ ಮನುಷ್ಯರನ್ನು ಅದರೊಳಗಿಟ್ಟು, ಅವರ ಕೆಲಸ, ಮದುವೆ, ಮಗು, ಕರೆಂಟ್ ಬಿಲ್ಲು ನೋಡಿಕೊಂಡು ಹೋಗೋದು. 2014ರಲ್ಲಿ ಬಂದ ಆಟ. 2022ರ ಅಕ್ಟೋಬರ್‌ನಿಂದ ಮೂಲ ಆಟ ಪುಕ್ಕಟೆ. ಕಂಪನಿ ಕೊಡದೇ ಇದ್ದದ್ದನ್ನು ಆಡುವವರೇ ಮಾಡಿ ಸೇರಿಸಿಕೊಂಡರೆ ಅದು ಮಾಡ್.

ಕಂಪನಿ ಕೊಡದೇ ಇರೋದು ಏನು ಅಂತ ಕೇಳಿದರೆ, ನನ್ನಂಥವರಿಗೆ ಹೆಚ್ಚುಕಮ್ಮಿ ಎಲ್ಲವೂ. ನನ್ನ ಊರು ಭಟ್ಕಳದ ಹತ್ತಿರದ ಬೆಳಕೆ. ಆಟದ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇಲ್ಲ, ಹಿಂದಿಯೂ ಇಲ್ಲ. 2021ರಲ್ಲಿ ಮುಂಬೈನ ಫ್ಯಾಷನ್ ಸ್ಟ್ರೀಟ್ ಹೆಸರಲ್ಲಿ ಒಂದಿಷ್ಟು ಬಟ್ಟೆ ಮಾರಿದರು, ಸರಿ. ಆದರೆ ಚಿರೆಕಲ್ಲಿನ ಗೋಡೆ, ಜಗಲಿ, ಜಗಲಿಯ ಕಂಬ, ಅಂಗಳದ ತುಳಸಿಕಟ್ಟೆ? ಕ್ಯಾಲಿಫೋರ್ನಿಯಾದಲ್ಲಿ ಕೂತವರಿಗೆ ಇದು ಹೊಳೆಯಲಿ ಅಂತ ಕಾಯೋದು ದಡ್ಡತನ. ನಮ್ಮ ಕಡೆ ಮನೆಯ ಛಾವಣಿಗೆ ಮಾಡು ಅಂತೀವಿ. ಈ ಆಟದಲ್ಲಿ ನನಗೆ ನಮ್ಮೂರ ಮಾಡು ಬೇಕಾದರೆ ಮಾಡೇ ಗತಿ.

ಹಾಗಾಗಿ ನಾನೇ ಮಾಡಿದೆ. ಅಜ್ಜಿಮನೆಯ ಹಂಚು ಇಳಿಸಿ ಆರ್‌ಸಿಸಿ ಹಾಕಿಸುವ ಮುಂಚೆ ತೆಗೆದಿಟ್ಟಿದ್ದ ಫೋಟೋಗಳಿದ್ದವು. ಮಳೆಗಾಲ ಕಂಡು ಕಂಡು ಕಪ್ಪಿಟ್ಟ ಕೆಂಪು, ಅಲ್ಲಲ್ಲಿ ಪಾಚಿಯ ಹಸಿರು. ಸಿಮ್ಸ್ 4 ಸ್ಟುಡಿಯೋ ಅನ್ನುವ ಪುಕ್ಕಟೆ ತಂತ್ರಾಂಶದಲ್ಲಿ ಮೂರು ವಾರಾಂತ್ಯ ಕೂತು ಬಣ್ಣ ಹೊಂದಿಸಿದೆ. ಫೈಲಿಗೆ 'ಬೆಳಕೆ ಹಂಚು' ಅಂತ ಹೆಸರಿಟ್ಟು ಹಂಚಿದೆ. ದುಡ್ಡು ಕೇಳಿಲ್ಲ. ಏಳೆಂಟು ತಿಂಗಳ ಮೇಲೆ ಇಂಥದ್ದೇ ಒಂದು ಇಪ್ಪತ್ತು ಜಿಬಿಯ ಮೂಟೆಯಲ್ಲಿ ಅದು ನನಗೇ ವಾಪಸು ಸಿಕ್ತು. ಹೆಸರು: 'ಇಂಡಿಯನ್ ರೂಫ್ 7'.

ನನ್ನ ಹೆಸರು ಹೋದದ್ದಕ್ಕೆ ಅಷ್ಟು ಬೇಜಾರಿಲ್ಲ. ಬೆಳಕೆ ಹೋಯಿತಲ್ಲ! ಹಳೆಯ ಮನೆಯ ಮಂಗಳೂರು ಹಂಚೊಂದನ್ನು ಕವುಚಿ ನೋಡಿ, ಬೆನ್ನ ಮೇಲೆ ಕಾರ್ಖಾನೆಯ ಹೆಸರು, ಊರಿನ ಹೆಸರು ಅಚ್ಚೊತ್ತಿರುತ್ತೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿತು. ಅಲ್ಲಿಂದ ಮುಂದೆ ಕರಾವಳಿಯ ಹಂಚುಗಳು ತಮ್ಮ ವಿಳಾಸ ಹೊತ್ತುಕೊಂಡೇ ಮಾಡು ಏರಿದವು. ಮಣ್ಣಿನ ಹಂಚಿಗೆ ಸಿಕ್ಕ ಮರ್ಯಾದೆ ಫೈಲಿಗೆ ಯಾಕಿಲ್ಲ?

ಭಾವನೆ ಬೇಡ, ಉಪಯೋಗ ಹೇಳು ಅನ್ನೋರಿಗೆ ಉಪಯೋಗವನ್ನೇ ಹೇಳ್ತೀನಿ. ಮಾಡ್‌ಗಳಲ್ಲಿ ಎರಡು ಜಾತಿ. '.ಪ್ಯಾಕೇಜ್' ಫೈಲಿನಲ್ಲಿ ಬಟ್ಟೆ, ಪೀಠೋಪಕರಣ, ಬಣ್ಣ, ಆಟದ ಲೆಕ್ಕಾಚಾರ ಇರುತ್ತೆ. '.ಟಿಎಸ್4ಸ್ಕ್ರಿಪ್ಟ್' ಫೈಲಿನಲ್ಲಿ ಪೈಥಾನ್ ಕೋಡ್ ಇರುತ್ತೆ, ಅಂದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಪ್ರೋಗ್ರಾಮು. 2024ರ ಆರಂಭದಲ್ಲಿ ಮಾಡ್ ದ ಸಿಮ್ಸ್, ಕರ್ಸ್‌ಫೋರ್ಜ್‌ನಂಥ ಹೆಸರಾಂತ ತಾಣಗಳಲ್ಲೇ ಪಾಸ್‌ವರ್ಡ್ ಕದಿಯುವ ಸ್ಕ್ರಿಪ್ಟ್ ಮಾಡ್‌ಗಳು ಸಿಕ್ಕವು. "ಮತ್ತೆ? ಮೂಲದಲ್ಲೇ ವಿಷ ಇತ್ತಲ್ಲ" ಅಂತೀರಿ. ಇತ್ತು. ಆದರೆ ಅಲ್ಲಿ ಕಂಡುಹಿಡಿಯೋರಿದ್ದರು, ಕಿತ್ತುಹಾಕಿದರು, ಎಲ್ಲರಿಗೂ ಕೂಗಿ ಹೇಳಿದರು. ಟ್ವಿಸ್ಟೆಡ್‌ಮೆಕ್ಸಿ ಅನ್ನುವ ಮಾಡರ್ ಕಾವಲಿಗೆ ಮಾಡ್‌ಗಾರ್ಡ್ ಬರೆದರು. ನಿಮ್ಮ ಗೆಳೆಯನ ಡ್ರೈವ್‌ನಲ್ಲಿ ಮಲಗಿರುವ ಜಿಪ್‌ನಿಂದ ಅದನ್ನು ಕಿತ್ತುಹಾಕೋರು ಯಾರು? ಭಟ್ಕಳದ ಮೀನು ಪೇಟೆಯಲ್ಲಿ ಕಿವಿರು ಎತ್ತಿ ನೋಡದೆ ಒಂದು ಬಂಗುಡೆ ಕೊಳ್ಳದವರ ಮಕ್ಕಳು ನಾವು. ಆಫೀಸಿನಲ್ಲಿ ಯಾರದ್ದೋ ಪೆನ್‌ಡ್ರೈವ್ ಕಂಡರೆ ಸೆಕ್ಯುರಿಟಿ ಪಾಲಿಸಿ ಓದುತ್ತೀವಿ. ರಾತ್ರಿ ಮನೆಗೆ ಬಂದು, ನೆಟ್‌ಬ್ಯಾಂಕಿಂಗ್ ಮಾಡುವ ಅದೇ ಲ್ಯಾಪ್‌ಟಾಪಿಗೆ ಊರು ಕೇರಿ ಗೊತ್ತಿಲ್ಲದ ಸ್ಕ್ರಿಪ್ಟ್ ಸುರಿಯುತ್ತೀವಿ.

ಇನ್ನು ನಿರ್ವಹಣೆ. ಆಟಕ್ಕೆ ಪ್ರತಿ ಅಪ್‌ಡೇಟ್ ಬಂದಾಗಲೂ ಅದು ಮಾಡ್‌ಗಳನ್ನು ತಾನಾಗಿಯೇ ಆಫ್ ಮಾಡುತ್ತೆ, ಯಾಕೆಂದರೆ ಕೆಲವು ಕೆಟ್ಟಿರುತ್ತವೆ. ಯಾವುದು ಕೆಟ್ಟಿತು ಅಂತ ಕಂಡುಹಿಡಿಯೋಕೆ ಹಳೆಯ ಉಪಾಯವೇ: ಅರ್ಧ ಫೈಲು ಹೊರಗೆ ತೆಗೆ, ಆಟ ಓಡಿಸು, ತೊಂದರೆ ಯಾವ ಅರ್ಧದಲ್ಲಿದೆ ನೋಡು, ಅದನ್ನು ಮತ್ತೆ ಅರ್ಧ ಮಾಡು. ನಡುವೆ 'ಲೋಕಲ್‌ಥಂಬ್‌ಕ್ಯಾಶ್' ಫೈಲು ಅಳಿಸು. ಇಷ್ಟೆಲ್ಲ ಬೆವರಿಳಿಸಿ ತಪ್ಪಿತಸ್ಥ ಸಿಕ್ಕಿದ ಅನ್ನಿ. ಹೆಸರು 'ನ್ಯೂ 33'. ಯಾರು ಮಾಡಿದ್ದು, ಹೊಸ ಆವೃತ್ತಿ ಎಲ್ಲಿ, ಯಾರನ್ನು ಕೇಳೋದು? ಮುಗೀತು ಕಥೆ. ಮೂರು ತಲೆಮಾರು ಬೆಳೆಸಿದ ಸಿಮ್ ಕುಟುಂಬದ ಸೊಸೆ ಅಡುಗೆಮನೆಯಲ್ಲಿ ನಿಂತವಳು ನಿಂತೇ ಇರ್ತಾಳೆ. ಕೆಲವು ಮೂಟೆಗಳಲ್ಲಂತೂ ನೂರಾರು ಫೈಲು ಬೆಸೆದು ಒಂದೇ ಮಾಡಿರ್ತಾರೆ, ಬೇಗ ಲೋಡ್ ಆಗಲಿ ಅಂತ. ಕೊಳೆತದ್ದನ್ನು ಆರಿಸಿ ಎಸೆಯೋ ದಾರಿಯೂ ಬಂದ್.

"ಮಾಡರ್‌ಗಳು ದುಡ್ಡು ಕೇಳ್ತಾರಲ್ಲ" ಅನ್ನೋದು ಇನ್ನೊಂದು ವಾದ. 2022ರಲ್ಲಿ ಕಂಪನಿ ನಿಯಮ ಸ್ಪಷ್ಟ ಮಾಡಿದೆ: ಬೆಂಬಲಿಗರಿಗೆ ಸ್ವಲ್ಪ ಕಾಲ ಮುಂಚಿತವಾಗಿ ಕೊಡಬಹುದು, ಆಮೇಲೆ ಎಲ್ಲರಿಗೂ ಪುಕ್ಕಟೆ ಬಿಡಬೇಕು. ಶಾಶ್ವತವಾಗಿ ಬೀಗ ಹಾಕಿ ಕೂರುವವರೂ ಇದ್ದಾರೆ, ಅವರ ಪರ ನಾನು ವಕಾಲತ್ತು ಹಾಕಲ್ಲ. ಆದರೆ ಎರಡು ವಾರ ಕಾದರೆ ಪುಕ್ಕಟೆ ಸಿಗೋದನ್ನು ಕದ್ದು ಮೂಟೆ ಕಟ್ಟುವ ಅವಸರ ಏನಿದೆ ಮಾರಾಯ್ರೆ? ಮುನ್ನೂರು ರೂಪಾಯಿಯ ಕಾಫಿ ಕುಡಿಯುವ ನಾವು ಒಬ್ಬ ಹುಡುಗಿ ರಾತ್ರಿ ಕೂತು ಹೆಣೆದ ಸೀರೆಯ ನೆರಿಗೆಗೆ ಎರಡು ವಾರ ಕಾಯೋದಿಲ್ಲ. ಅಪ್‌ಡೇಟ್ ಬಂದ ಮರುದಿನ "ಇನ್ನೂ ಫಿಕ್ಸ್ ಮಾಡಿಲ್ವಾ" ಅಂತ ಅವಳಿಗೇ ಬಯ್ಯೋದಕ್ಕೆ ಮಾತ್ರ ಪುರುಸೊತ್ತಿದೆ. ಅವಳು ಬೇಸತ್ತು ಬಿಟ್ಟರೆ ಆ ಸೀರೆಯನ್ನು ಇನ್ಯಾವ ಕಂಪನಿಯೂ ಹೆಣೆದು ಕೊಡಲ್ಲ.

ನನ್ನ ಫೋಲ್ಡರ್ ಕೇಳಿದವರಿಗೆ ನಾನು ಕಳಿಸೋದು ಒಂದು ಶೀಟ್. ಮಾಡ್‌ನ ಹೆಸರು, ಮಾಡಿದವರು, ಅವರ ಪುಟದ ಕೊಂಡಿ, ಇಳಿಸಿಕೊಂಡ ತಾರೀಖು, ಯಾವ ಅಪ್‌ಡೇಟ್‌ವರೆಗೆ ಸರಿಯಿತ್ತು. ಸ್ಕ್ರಿಪ್ಟ್ ಮಾಡ್‌ಗಳ ಸಾಲಿಗೆ ಕೆಂಪು ಬಣ್ಣ. ಅವನ್ನು ಒಂದಕ್ಕಿಂತ ಹೆಚ್ಚು ಫೋಲ್ಡರ್ ಆಳಕ್ಕೆ ಇಟ್ಟರೆ ಆಟ ಓದೋದೇ ಇಲ್ಲ ಅನ್ನೋ ಟಿಪ್ಪಣಿಯೂ ಇದೆ. "ಎಂಥಾ ಜಿಪುಣ ಮಾರಾಯ, ಜಿಪ್ ಕೊಟ್ಟಿದ್ರೆ ಆಗ್ತಿತ್ತು" ಅಂತ ಬೈಕೊಂಡೇ ಒಂದೊಂದಾಗಿ ಇಳಿಸಿಕೊಳ್ತಾರೆ. ನಲವತ್ತೊಂದನೇ ಸಾಲಿನಲ್ಲಿ ಬೆಳಕೆ ಹಂಚಿದೆ.