ಕೊರಿಯಾದ ಕೆಂಡ, ಶಹಾಬಾದದ ಸೀತನಿ

ಬೆಂಗಳೂರಿನ ಇಂದಿರಾನಗರ, ಕಮ್ಮನಹಳ್ಳಿ ಮೊದಲಾದ ಬಡಾವಣೆಗಳಲ್ಲಿ ಕೊರಿಯಾ ಮಾದರಿಯ ಬಾರ್ಬೆಕ್ಯೂ ಹೋಟೆಲುಗಳು ಇಂದು ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ಅಲ್ಲಿ ಊಟದ ಮೇಜಿನ ನಡುವೆಯೇ ಒಲೆಯನ್ನು ಹುದುಗಿಸಿರುತ್ತಾರೆ. ಹಸಿಯ ಮಾಂಸದ ತುಂಡುಗಳನ್ನು ತಟ್ಟೆಯಲ್ಲಿಟ್ಟು ತಂದುಕೊಡುತ್ತಾರೆ. ಗಿರಾಕಿಯೇ ಅದನ್ನು ಸುಟ್ಟು, ಕತ್ತರಿಯಿಂದ ತುಂಡರಿಸಿ, ಸೊಪ್ಪಿನ ಎಲೆಯಲ್ಲಿ ಖಾರದ ಹಿಟ್ಟಿನೊಂದಿಗೆ ಸುತ್ತಿ ಬಾಯಿಗಿಡಬೇಕು. ಸುತ್ತಲೂ ಐದಾರು ಸಣ್ಣ ಬಟ್ಟಲುಗಳಲ್ಲಿ ಕಿಮ್ಚಿ, ಮೊಳಕೆಕಾಳು, ಮೂಲಂಗಿ ಮುಂತಾದ ವ್ಯಂಜನಗಳು. ಅವು ಮುಗಿದಂತೆ ಮತ್ತೆ ತುಂಬುತ್ತಾರೆ, ಅದಕ್ಕೆ ಬೇರೆ ಹಣವಿಲ್ಲ. ಇಬ್ಬರು ಉಂಡು ಎದ್ದರೆ ಎರಡು-ಮೂರು ಸಾವಿರ ರೂಪಾಯಿಯ ಬಿಲ್ಲು ಬರುತ್ತದೆ. ಅಡುಗೆಯನ್ನು ಗಿರಾಕಿಯ ಕೈಯಿಂದಲೇ ಮಾಡಿಸಿ ಅವನಿಂದಲೇ ಹಣ ಪಡೆಯುವ ಈ ವ್ಯಾಪಾರ ಮೇಲ್ನೋಟಕ್ಕೆ ವಿನೋದವೆನಿಸಿದರೂ, ಅದರ ಹಿಂದಿರುವ ಲೆಕ್ಕಾಚಾರ ಕಲಬುರಗಿ ಜಿಲ್ಲೆಯ ವರ್ತಕರು ಗಮನಿಸತಕ್ಕದ್ದಾಗಿದೆ.

ಈ ಹೋಟೆಲುಗಳು ಉದ್ಯಮದ ಬೆನ್ನು ಹಿಡಿದು ಬಂದವು. 1996ರಲ್ಲಿ ಹುಂಡೈ ಕಂಪನಿಯು ಚೆನ್ನೈ ಬಳಿಯ ಶ್ರೀಪೆರಂಬುದೂರಿಗೆ ಬಂದಿತು. ಅದೇ ವರ್ಷ ಸ್ಯಾಮ್‌ಸಂಗ್ ಬೆಂಗಳೂರಿನಲ್ಲಿ ತನ್ನ ಸಂಶೋಧನಾ ಕೇಂದ್ರವನ್ನು ತೆರೆಯಿತು. 2019ರಲ್ಲಿ ಕಿಯಾ ಕಾರ್ಖಾನೆಯು ಆಂಧ್ರದ ಪೆನುಕೊಂಡದಲ್ಲಿ ಉತ್ಪಾದನೆ ಆರಂಭಿಸಿತು. ಸಣ್ಣ ಊರಾದ ಪೆನುಕೊಂಡದ ಆಸುಪಾಸಿನಲ್ಲಿಯೂ ಕೊರಿಯಾದ ಊಟದ ಮನೆಗಳು ಹುಟ್ಟಿಕೊಂಡವು. ಮೊದಲು ಬಂದವರು ಮನೆಯ ಊಟಕ್ಕಾಗಿ ಹಂಬಲಿಸುತ್ತಿದ್ದ ಕೊರಿಯಾದ ಎಂಜಿನಿಯರುಗಳು. ಆ ಬಳಿಕ ಕೊರಿಯಾದ ಧಾರಾವಾಹಿಗಳನ್ನು ನೋಡಿ ಬೆಳೆದ ಇಲ್ಲಿನ ಯುವಜನರು. ತನ್ನ ಅಡುಗೆಯನ್ನು ಹೊರದೇಶಗಳಲ್ಲಿ ಪ್ರಚುರಪಡಿಸಲೆಂದೇ ಕೊರಿಯಾ ಸರ್ಕಾರವು 2010ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿತೆಂಬುದನ್ನೂ ಇಲ್ಲಿ ಸೇರಿಸಿ ಹೇಳಬೇಕು. ಮೇಜಿನ ಮೇಲಿನ ಒಲೆಯನ್ನು ಭಾರತೀಯ ಮಸಾಲೆಗೆ ಒಗ್ಗಿಸಿದ ಬಾರ್ಬೆಕ್ಯೂ ನೇಷನ್ ಸಂಸ್ಥೆಯು 2006ರಲ್ಲಿ ಮುಂಬಯಿಯಲ್ಲಿ ಮೊದಲ ಹೋಟೆಲು ತೆರೆದು 2021ರಲ್ಲಿ ಷೇರುಪೇಟೆಗೂ ಬಂದಿತು. ಕೆಂಡದ ಸುತ್ತ ಕುಳಿತು ಉಣ್ಣುವುದಕ್ಕೆ ಜನ ಹಣ ಕೊಡುತ್ತಾರೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿಲ್ಲ.

ಹೀಗಿರುವಲ್ಲಿ, ಶಹಾಬಾದ ಅಥವಾ ಚಿತ್ತಾಪುರದ ಕಡೆಯಿಂದ ಬೆಂಗಳೂರಿಗೆ ಹೋಗಿ ನೌಕರಿಯಲ್ಲಿರುವ ತರುಣನೊಬ್ಬ ಸಹೋದ್ಯೋಗಿಗಳೊಡನೆ ಅಂಥ ಮೇಜಿನ ಮುಂದೆ ಕುಳಿತರೆ ಅವನಿಗೆ ನೆನಪಾಗುವುದೇನು? ನಿಸ್ಸಂದೇಹವಾಗಿ ಊರಿನ ಸೀತನಿ.

ಹಿಂಗಾರಿ ಜೋಳ ಹಾಲುಗಾಳಿನ ಹಂತ ದಾಟಿ ಇನ್ನೂ ಬಲಿಯದ ಹೊತ್ತಿನಲ್ಲಿ ತೆನೆಗಳನ್ನು ಮುರಿದು, ಹೊಲದಲ್ಲಿಯೇ ಕುಳ್ಳಿನ ಕೆಂಡ ಮಾಡಿ, ಅದರಲ್ಲಿ ಹುದುಗಿಸಿ ಸುಡುತ್ತಾರೆ. ಬಿಸಿ ಆರುವ ಮೊದಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಬಂದವರ ಮುಂದೆ ಸುರಿಯುತ್ತಾರೆ. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ತಿಂದು ಮುಗಿಯುವುದರೊಳಗೆ ಮತ್ತೊಂದು ಸುಡಿಗೆ ಸಿದ್ಧವಾಗಿರುತ್ತದೆ. ಸುಡುವವನ ಕೈ ಕಪ್ಪು, ತಿನ್ನುವವನ ತುಟಿ ಕಪ್ಪು. ಇದಕ್ಕೆಂದೇ ಸಿಹಿ ತೆನೆಯ ಜೋಳವನ್ನು ಹೊಲದ ಅಂಚಿನಲ್ಲಿ ನಾಲ್ಕಾರು ಸಾಲು ಬಿತ್ತುವ ಪದ್ಧತಿ ಹಿಂದಿನಿಂದ ಬಂದುದು. ಬೀಗರನ್ನು, ಶಾಲೆಯ ಮಾಸ್ತರರನ್ನು, ಅಂಗಡಿಯ ಸಾಹುಕಾರರನ್ನು ಕರೆದು ಸೀತನಿ ತಿನ್ನಿಸುವುದು ರೈತನಿಗೆ ಒಂದು ಮರ್ಯಾದೆ. ನಡುವೆ ಕೆಂಡ, ಸುತ್ತ ಜನ, ಬೇಡವೆಂದರೂ ನಿಲ್ಲದ ಬಡಿಸುವಿಕೆ — ಬೆಂಗಳೂರಿನ ಆ ಮೇಜಿನಲ್ಲಿರುವುದೆಲ್ಲ, ಮಾಂಸ ಮತ್ತು ಹೊಗೆ ಎಳೆಯುವ ಯಂತ್ರ ಎರಡನ್ನು ಬಿಟ್ಟು, ಇಲ್ಲಿಯೂ ಇದೆ.

ಒಂದು ವ್ಯತ್ಯಾಸವೆಂದರೆ ಅಲ್ಲಿ ಹಣ, ಇಲ್ಲಿ ಪುಕ್ಕಟೆ.

ನೆರೆಯ ಮಹಾರಾಷ್ಟ್ರದಲ್ಲಿ ಈ ವ್ಯತ್ಯಾಸ ಅಳಿದುಹೋಗಿದೆ. ಅಲ್ಲಿ ಸೀತನಿಗೆ ಹುರಡಾ ಎಂಬ ಹೆಸರು. ಚಳಿಗಾಲ ಬಂತೆಂದರೆ ಪುಣೆ, ಸೊಲ್ಲಾಪುರಗಳ ಸುತ್ತಲಿನ ಹೊಲಗಳಲ್ಲಿ ಹುರಡಾ ಪಾರ್ಟಿಗಳು ನಡೆಯುತ್ತವೆ. ತಲೆಗೆ ಇಷ್ಟು ಎಂದು ಮುಂಗಡ ಪಡೆದು, ಎತ್ತಿನಗಾಡಿಯ ಸವಾರಿ, ಮಧ್ಯಾಹ್ನದ ಊಟ ಸಹಿತ ನಗರದ ಕುಟುಂಬಗಳನ್ನು ಬರಮಾಡಿಕೊಳ್ಳುತ್ತಾರೆ. ರಾಹುರಿಯ ಕೃಷಿ ವಿಶ್ವವಿದ್ಯಾಲಯವು ಹುರಡಾಕ್ಕೆಂದೇ ‘ಫುಲೆ ಮಧುರ’ ಎಂಬ ತಳಿಯನ್ನು ಬಿಡುಗಡೆ ಮಾಡಿದೆ. ಸೊಲ್ಲಾಪುರದಿಂದ ಶಹಾಬಾದಕ್ಕೆ ಅದೇ ರೈಲು ಮಾರ್ಗ, ಹೆಚ್ಚುಕಡಿಮೆ ಅದೇ ಜೋಳ. ಆದರೆ ಇಲ್ಲಿ ಅದು ವ್ಯಾಪಾರದ ವಸ್ತುವೆಂದು ಯಾರಿಗೂ ತೋರಿದಂತಿಲ್ಲ.

ಹೊಲಕ್ಕೆ ಬಂದವರಿಂದ ಹಣ ಪಡೆಯುವುದು ಸಂಪ್ರದಾಯವಲ್ಲ ಎಂಬ ಆಕ್ಷೇಪಣೆ ಸಹಜವಾಗಿ ಬರುತ್ತದೆ. ಇದು ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಎಳ್ಳಮಾಸಿಯ ದಿನ ಹೊಲದಲ್ಲಿ ಚರಗ ಚೆಲ್ಲಿ ದಾರಿಹೋಕನನ್ನೂ ಕೂಗಿ ಕರೆದು ಭಜ್ಜಿ, ಸಜ್ಜೆ ರೊಟ್ಟಿ ಉಣ್ಣಿಸುವ ನಾಡಿನಲ್ಲಿ ಸೀತನಿಗೆ ಚೀಟಿ ಹರಿಯುವುದು ಕಣ್ಣಿಗೆ ಕಟುವಾಗಿ ಕಾಣುತ್ತದೆ. ಆದರೆ ಬೀಗರು ಬೇರೆ, ಬೆಂಗಳೂರು-ಹೈದರಾಬಾದಿನಿಂದ ಕಾರು ಮಾಡಿಕೊಂಡು ಬರುವ ಪ್ರವಾಸಿ ಬೇರೆ. ಮೊದಲನೆಯವರಿಗೆ ಪುಕ್ಕಟೆ ಬಡಿಸುವ ಶಕ್ತಿ ರೈತನಿಗೆ ಉಳಿಯಬೇಕಾದರೆ ಎರಡನೆಯವರಿಂದ ಹಣ ಪಡೆಯುವುದರಲ್ಲಿ ಅಗೌರವವೇನೂ ಇಲ್ಲ. ಮಾಲದಂಡಿ ಜೋಳಕ್ಕೆ 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 3,749 ರೂಪಾಯಿ, ಅಂದರೆ ಕಿಲೋಗೆ ಮೂವತ್ತೇಳೂವರೆ. ಒಬ್ಬನೇ ಅತಿಥಿ ಹೊಲದಲ್ಲಿ ಕುಳಿತು ತಿನ್ನುವ ಕಾಳು ಒಂದು ಕಿಲೋ ಮುಟ್ಟುವುದಿಲ್ಲ. ಆತ ಕೊಡುವ ಹಣ ಕಾಳಿನ ಬೆಲೆಯಲ್ಲ. ಕೆಂಡದ, ನೆರಳಿನ, ಆ ಒಂದು ದಿನದ ಬೆಲೆ. ಜಿಲ್ಲೆಯ ಹೊಲಗಳನ್ನು ತೊಗರಿಯು ಹೆಚ್ಚುಹೆಚ್ಚಾಗಿ ಆವರಿಸಿಕೊಂಡಿರುವಾಗ ಹಿಂಗಾರಿ ಜೋಳವನ್ನು ಬಿತ್ತಲು ರೈತನಿಗೆ ಬೇರೊಂದು ಕಾರಣವೂ ಬೇಕಾಗಿದೆ.

ಗಿರಾಕಿಗಳೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಹತ್ತಿರದಲ್ಲಿಯೇ ಇದೆ. ಚಿತ್ತಾಪುರ ತಾಲ್ಲೂಕಿನ ಸನ್ನತಿ-ಕನಗನಹಳ್ಳಿಯ ಬೌದ್ಧ ಸ್ತೂಪ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಸೇಡಂ ತಾಲ್ಲೂಕಿನ ಮಳಖೇಡ, ಚಿಂಚೋಳಿಯ ಅರಣ್ಯ — ಮೂರನ್ನೂ ನೋಡಲು ಜನ ಬರುವುದು ಚಳಿಗಾಲದಲ್ಲಿ. ಸೀತನಿಯ ಕಾಲವೂ ಅದೇ. ನೋಡಿದ ಮೇಲೆ ಉಣ್ಣುವುದೆಲ್ಲಿ ಎಂದು ಕೇಳಿದರೆ ಸ್ಥಳೀಯರು ಕಲಬುರಗಿಯ ಕಡೆಗೆ ಕೈ ತೋರಿಸುತ್ತಾರೆ. ವಾಡಿ ಜಂಕ್ಷನ್‌ನಿಂದ ಸಿಕಂದರಾಬಾದಿಗೆ 1874ರಲ್ಲಿಯೇ ರೈಲು ಹೊರಟಿತು. 1936ರಲ್ಲಿ ಎ.ಸಿ.ಸಿ. ರಚನೆಯಾದಾಗ ಅದರಲ್ಲಿ ವಿಲೀನವಾದ ಕಂಪನಿಗಳಲ್ಲಿ ಶಹಾಬಾದ ಸಿಮೆಂಟ್ ಕಂಪನಿಯೂ ಒಂದು. ಆ ಬಳಿಕ ವಾಡಿ, ಮಳಖೇಡ, ಸೇಡಂ, ಚಿಂಚೋಳಿಗಳಿಗೆ ಕಾರ್ಖಾನೆಗಳು ಬಂದವು. ಚಿಂಚೋಳಿಗಂತೂ ಫ್ರಾನ್ಸಿನ ಬಂಡವಾಳವೂ ಬಂದಿತು. ರಾಜಸ್ಥಾನ, ಬಿಹಾರ, ತಮಿಳುನಾಡುಗಳ ಎಂಜಿನಿಯರುಗಳು ವರ್ಷಗಟ್ಟಲೆ ಇಲ್ಲಿದ್ದು ಕಾಲೋನಿಯ ಮೆಸ್ಸಿನಲ್ಲಿ ಉಂಡು, ಪುಂಡಿಪಲ್ಯದ ರುಚಿಯನ್ನೂ ಅರಿಯದೆ ವರ್ಗವಾಗಿ ಹೋಗುತ್ತಾರೆ. ಪೆನುಕೊಂಡದಲ್ಲಿ ಕಾರ್ಖಾನೆಯ ಹಿಂದೆಯೇ ಊಟದ ಮನೆ ಬಂದಿತು. ಇಲ್ಲಿ ಇಷ್ಟು ದಶಕ ಕಳೆದರೂ ಸಿಮೆಂಟಿನ ಧೂಳು ಬಂದಿತೇ ಹೊರತು ಹೆಸರಿಟ್ಟು ಕರೆಯಬಹುದಾದ ಊಟದ ಉದ್ದಿಮೆ ಬರಲಿಲ್ಲ. ಇದು ಬಂಡವಾಳದ ಕೊರತೆಗಿಂತ ಸಂಕೋಚದ ಫಲವೆಂದೇ ಹೇಳಬೇಕಾಗುತ್ತದೆ.

ಸಂಕೋಚ ಬಿಟ್ಟರೆ ಏನಾಗುತ್ತದೆಂಬುದನ್ನು ಕಲಬುರಗಿಯ ರೊಟ್ಟಿಯೇ ತೋರಿಸಿದೆ. ಮಹಿಳೆಯರು ಸಹಕಾರಿ ಸಂಘ ಕಟ್ಟಿಕೊಂಡು ಜೋಳದ ರೊಟ್ಟಿಗೊಂದು ಬ್ರ್ಯಾಂಡ್ ಹೆಸರು ಕೊಟ್ಟು ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿಗಳನ್ನು ತಯಾರಿಸುತ್ತಿರುವುದನ್ನು ಪ್ರಧಾನಮಂತ್ರಿಗಳು 2025ರ ಜೂನ್ ತಿಂಗಳ ‘ಮನ್ ಕೀ ಬಾತ್’ನಲ್ಲಿ ಪ್ರಸ್ತಾಪಿಸಿದರು. ಮನೆಮನೆಯಲ್ಲಿ ಬಡಿಯುವ ರೊಟ್ಟಿಯನ್ನು ಯಾರು ಕೊಳ್ಳುತ್ತಾರೆ ಎಂದು ಮೊದಲು ನಕ್ಕವರು ಕಡಿಮೆಯಿರಲಾರರು. ಸೀತನಿಯ ನಂತರದ ಊಟಕ್ಕೆ ಇದೇ ಕೈಗಳ ಬಿಸಿ ರೊಟ್ಟಿ, ಎಣ್ಣೆಗಾಯಿ, 2019ರಲ್ಲಿ ಭೌಗೋಳಿಕ ಗುರುತು ಪಡೆದ ಇದೇ ಮಣ್ಣಿನ ತೊಗರಿಬೇಳೆ ಒದಗಿದರೆ ಬೇರೆಡೆಯಿಂದ ತರಬೇಕಾದುದು ಏನೂ ಇಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, 2017ರ ನವೆಂಬರ್ 15ರಿಂದ ಸಾಮಾನ್ಯ ಹೋಟೆಲುಗಳಿಗೆ ಜಿ.ಎಸ್.ಟಿ. ಶೇ. 5, ಆದರೆ ಹೂಡಿಕೆಯ ಮೇಲೆ ಕೊಟ್ಟ ತೆರಿಗೆಯನ್ನು ವಜಾ ಮಾಡಿಕೊಳ್ಳುವಂತಿಲ್ಲ. ಪ್ರತಿ ಮೇಜಿಗೂ ಒಲೆ, ಹೊಗೆಕೊಳವೆ ಜೋಡಿಸುವ ನಗರದ ಹೋಟೆಲಿಗೆ ಇದು ಭಾರ. ಹೊಲಕ್ಕೆ ಹೊಗೆಕೊಳವೆ ಬೇಡ. ಬೇಕಾದುದು ಶುದ್ಧ ಕುಡಿಯುವ ನೀರು, ಶೌಚಾಲಯ, ಆಹಾರ ಸುರಕ್ಷತೆಯ ನೋಂದಣಿ ಮತ್ತು ಒಣ ಬೆಳೆಯ ನಡುವೆ ಕೆಂಡವಿರುವುದರಿಂದ ಎರಡು ಡ್ರಮ್ಮು ನೀರು. ಕೂರಲು ಶಹಾಬಾದದ ಫರಸಿಗಿಂತ ತಂಪಾದ ಆಸನವಿಲ್ಲ. ಈ ಊರಿನ ಹೊಸ ಕಟ್ಟಡಗಳಿಗೇ ಗುಜರಾತಿನ ಮೊರ್ಬಿಯಿಂದ ಟೈಲ್ಸ್ ಬರುತ್ತಿರುವ ಕಾಲದಲ್ಲಿ ಗಣಿಯ ಕಲ್ಲಿಗೂ ಇದೊಂದು ಪ್ರದರ್ಶನವಾದೀತು. ಕೆಂಡವನ್ನು ಮಾತ್ರ ಅದರ ಮೇಲೆ ಹರಡಬಾರದು. ಸುಣ್ಣದ ಕಲ್ಲನ್ನು ಬೆಂಕಿಗಿಟ್ಟರೆ ಏನಾಗುತ್ತದೆಂಬುದನ್ನು ಸಿಮೆಂಟಿನ ಊರಿಗೆ ಹೇಳಿಕೊಡಬೇಕಿಲ್ಲ.

ನಿಜವಾದ ತೊಡಕು ಋತುವಿನದು. ಒಂದು ಹೊಲದಲ್ಲಿ ಸೀತನಿಯ ಹದ ಹೆಚ್ಚು ದಿನ ನಿಲ್ಲುವುದಿಲ್ಲ. ಒಂದೆರಡು ವಾರ ಕಳೆದರೆ ಕಾಳು ಗಟ್ಟಿಯಾಗುತ್ತದೆ. ಮಹಾರಾಷ್ಟ್ರದ ರೈತರು ಇದಕ್ಕಾಗಿ ಒಂದೇ ಸಲ ಬಿತ್ತದೆ ತುಂಡುತುಂಡಾಗಿ, ದಿನಗಳ ಅಂತರದಲ್ಲಿ ಬಿತ್ತುತ್ತಾರೆ. ಇಲ್ಲಿ ಹಿಂಗಾರಿ ಬಿತ್ತನೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಮುಂದಿನ ಚಳಿಗಾಲದಲ್ಲಿ ಸನ್ನತಿಯ ದಾರಿಯಲ್ಲಿ ಇಂಥದೊಂದು ಕೆಂಡ ಹೊತ್ತಬೇಕಾದರೆ, ರೈತ ಮತ್ತು ಹೋಟೆಲು ಮಾಲೀಕ ಇಬ್ಬರೂ ಕುಳಿತು ಎಷ್ಟು ಎಕರೆ, ಯಾವ ತಳಿ, ಯಾರ ಪಾಲೆಷ್ಟು ಎಂದು ತೀರ್ಮಾನಿಸುವ ಮಾತುಕತೆ ಬೀಜ ಭೂಮಿಗೆ ಬೀಳುವ ಮೊದಲೇ ನಡೆಯಬೇಕಾಗುತ್ತದೆ.