ಸದ್ದಡಗಿಸುವುದಲ್ಲ, ಸದ್ದನ್ನು ಆಲಿಸುವುದು

ಕಾರಿನ ಮೂಲ ಸ್ಪ್ರಿಂಗುಗಳನ್ನು ತೆಗೆಸಿ, ಗಿಡ್ಡ ಸ್ಪ್ರಿಂಗುಗಳನ್ನು ಹಾಕಿಸಿ, ವಾಹನವನ್ನು ನೆಲಕ್ಕೆ ಹತ್ತಿರ ತರುವುದು ಕೆಲವು ತರುಣರ ಹವ್ಯಾಸ. ಅವರ ಅಭಿರುಚಿಯ ಬಗ್ಗೆ ನನಗೆ ತಕರಾರಿಲ್ಲ. ತಕರಾರಿರುವುದು, ಅನಂತರ ಕೇಳತೊಡಗುವ ‘ಟಕ್ ಟಕ್’ ಸದ್ದನ್ನು ನಾವು ಕಾಣುವ ರೀತಿಯ ಬಗ್ಗೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಮಾಡಿಸಿಕೊಂಡ. ಸದ್ದು ಶುರುವಾಯಿತು. ಗ್ಯಾರೇಜಿನವರು ಮೊದಲು ಶಾಕ್ ಅಬ್ಸಾರ್ಬರ್, ಆಮೇಲೆ ಲಿಂಕ್ ರಾಡ್ ಬದಲಾಯಿಸಿದರು. ಹಣ ಹೋಯಿತು, ಸದ್ದು ಉಳಿಯಿತು. “ಹಾಡು ಜೋರಾಗಿ ಹಾಕಿದರೆ ಕೇಳಿಸುವುದಿಲ್ಲ, ಸಾರ್” ಎಂದು ನಕ್ಕ. ಅದೇ ಕಾರಿನಲ್ಲಿ ಅವನ ತಾಯಿ, ಮಗು ಪ್ರಯಾಣಿಸುತ್ತಾರೆ. ನನಗೆ ನಗು ಬರಲಿಲ್ಲ. ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರು, ಮತ್ತೊಬ್ಬರಿಂದ ಕಾರನ್ನು ಅಲುಗಾಡಿಸಿ, ತಾವು ಸ್ಟ್ರಟ್ಟಿನ ಮೇಲ್ತುದಿಯ ಮೇಲೆ ಕೈಯಿಟ್ಟು ನೋಡಿದರು. ಸ್ಪ್ರಿಂಗ್ ಬದಲಿಸುವಾಗ ಬಿಚ್ಚಿದ ನಟ್ಟು ಪೂರ್ತಿ ಬಿಗಿಯಾಗಿರಲಿಲ್ಲ!

ಸ್ಪ್ರಿಂಗಿನ ಹಿಗ್ಗುವಿಕೆ ಬಲಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ. ಆದರೆ ಕಾರಿನಲ್ಲಿ ಸ್ಪ್ರಿಂಗ್ ಒಂಟಿಯಲ್ಲ. ಅದನ್ನು ಗಿಡ್ಡಗೊಳಿಸಿದರೆ ಶಾಕ್ ಅಬ್ಸಾರ್ಬರಿನ ದಂಡ ನಿಂತಲ್ಲಿಯೇ ಹೆಚ್ಚು ಒಳಗಿರುತ್ತದೆ, ಲಿಂಕ್ ರಾಡಿನ ಕೋನ ಬದಲಾಗುತ್ತದೆ, ರಬ್ಬರ್ ಬುಷ್ಷುಗಳು ತಿರುಚಿಕೊಳ್ಳುತ್ತವೆ.

ಆದ್ದರಿಂದ ಮೊದಲ ಪ್ರಶ್ನೆ, ‘ಯಾವ ಭಾಗ ಕೆಟ್ಟಿದೆ?’ ಎಂಬುದಲ್ಲ, ‘ಸದ್ದು ಯಾವಾಗ ಬರುತ್ತದೆ?’ ಎಂಬುದು. ನಿಂತಲ್ಲಿಯೇ ಸ್ಟೀರಿಂಗ್ ತಿರುಗಿಸಿದಾಗ ‘ಠಣ್’ ಎಂದರೆ, ಸ್ಪ್ರಿಂಗಿನ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕುಳಿತಿದೆಯೇ, ಸ್ಟ್ರಟ್ಟಿನ ಮೇಲಿನ ಬೇರಿಂಗ್ ಸರಿಯಿದೆಯೇ ಎಂದು ನೋಡಬೇಕು. ಹಂಪ್ ಇಳಿಯುವಾಗ ‘ಧಡ್’ ಎಂದರೆ ಬಂಪ್ ಸ್ಟಾಪಿಗೆ ಬಡಿಯುತ್ತಿರಬಹುದು. ‘ಕಿರ್ರ್’ ಎಂದರೆ ಬುಷ್ಷನ್ನು ಶಂಕಿಸಬಹುದು. ಚಕ್ರ ಜೋತುಬಿದ್ದಿರುವಾಗಲೇ ಅದರ ಬೋಲ್ಟನ್ನು ಬಿಗಿದಿದ್ದರೆ, ಸಡಿಲಿಸಿ, ಕಾರಿನ ಭಾರ ಚಕ್ರದ ಮೇಲಿರುವಾಗ ಮತ್ತೆ ಬಿಗಿಯಬೇಕು. ಸಣ್ಣ ಗುಂಡಿಗಳಲ್ಲಿ ‘ಟಕ್ ಟಕ್’ ಎಂದರೆ ಲಿಂಕ್ ರಾಡ್ ಅಥವಾ ಸಡಿಲ ನಟ್ಟು. ಎರಡೂ ಬದಿಯ ಲಿಂಕ್ ರಾಡುಗಳನ್ನು ಕಳಚಿ, ಮೆಕ್ಯಾನಿಕ್ ನಿಧಾನವಾಗಿ ಓಡಿಸಿದಾಗ ಸದ್ದು ನಿಂತರೆ, ಮೂಲ ಸಿಕ್ಕಿತೆಂದೇ ಅರ್ಥ. ಒಂದು ಎಚ್ಚರಿಕೆ: ಅದುಮಿಟ್ಟ ಸ್ಪ್ರಿಂಗಿನ ಬಲ ಅಪಾರ. ಸರಿಯಾದ ಸಲಕರಣೆಯಿಲ್ಲದೆ ಸ್ಟ್ರಟ್ಟನ್ನು ಬಿಚ್ಚಲು ಹೋಗುವುದು ಪ್ರಾಣಕ್ಕೇ ಸಂಚಕಾರ.

ಕೈಯಿಟ್ಟಲ್ಲೇ ಮೊದಲು ಹುಡುಕು, ಒಂದು ಸಲಕ್ಕೆ ಒಂದನ್ನೇ ಬದಲಿಸು: ಪ್ರಯೋಗಶಾಲೆಯಲ್ಲಿ ನಾವು ಕಲಿಸುತ್ತಿದ್ದ ಪಾಠ ಇಷ್ಟೇ. ಒಟ್ಟಿಗೆ ಮೂರು ಭಾಗ ಬದಲಿಸಿದರೆ ಸದ್ದು ನಿಂತರೂ ಕಾರಣ ತಿಳಿಯುವುದಿಲ್ಲ. ಭಾಗಗಳ ಬೆಲೆಯನ್ನು ಚೌಕಾಸಿಯಿಲ್ಲದೆ ಕೊಡುವ ನಾವು, ಅರ್ಧ ಗಂಟೆ ಕಿವಿಗೊಟ್ಟು ದೋಷವನ್ನು ಪತ್ತೆಹಚ್ಚುವವನ ಶ್ರಮಕ್ಕೆ ಹಣ ಕೊಡಲು ಹಿಂಜರಿಯುತ್ತೇವೆ. ಆ ವಿವೇಚನೆಗೆ ಬೆಲೆ ಕೊಡದಿದ್ದರೆ, ನಮಗೆ ಸಿಗುವುದು ಭಾಗ ಬದಲಿಸುವವರು ಮಾತ್ರ, ರಿಪೇರಿ ಬಲ್ಲವರಲ್ಲ.