ಹಳ್ಳಿಯ ಹುಡುಗ, ಪೇಟೆಯ ಹುಡುಗ

ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಎತ್ತಿನ ಗಾಡಿಯಲ್ಲಿ ಬರುವ ಹಳ್ಳಿಯ ಮಕ್ಕಳೂ ಬಸ್ಸಿನಿಂದಿಳಿಯುವ ಪೇಟೆಯ ಮಕ್ಕಳೂ ಒಂದೇ ಬಯಲಿನಲ್ಲಿ ಕೂಡಿ ಆಡುತ್ತಾರೆ. ಅದೇ ಮಕ್ಕಳು ಪ್ರೌಢಶಾಲೆಯ ಬೆಂಚಿನ ಮೇಲೆ ಕೂತೊಡನೆ ಎರಡು ಪಂಗಡವಾಗುವುದೇಕೆ?

ಹಳ್ಳಿಯ ಹುಡುಗರಿಗೆ ಓದು ಹತ್ತದು ಎನ್ನುವವರುಂಟು. ಲೆಕ್ಕ ಬೇರೆಯದನ್ನೇ ಹೇಳುತ್ತದೆ. 2022ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಗ್ರಾಮಾಂತರ ವಿದ್ಯಾರ್ಥಿಗಳು ನೂರಕ್ಕೆ 91ರಷ್ಟು, ಪಟ್ಟಣದವರು 86ರಷ್ಟು ತೇರ್ಗಡೆಯಾದರು. 2019ರಲ್ಲಿಯೂ ಹಳ್ಳಿಯೇ ಮುಂದಿತ್ತು. ಕೊರತೆ ಬುದ್ಧಿಯದಲ್ಲ, ಅನುಕೂಲದ್ದು.

ಕೊಟ್ಟಿಗೆಯ ಕೆಲಸ ಮುಗಿಸಿ, ಬಸ್ಸು ತಪ್ಪಿದ ದಿನ ನಡೆದೇ ಬರುವ ಹುಡುಗ ಇಂಗ್ಲಿಷಿನ ಪ್ರಶ್ನೆಗೆ ತಲೆ ತಗ್ಗಿಸುತ್ತಾನೆ. ಅಪ್ಪ ರಾಗಿ ಬೆಳೆಯುತ್ತಾನೆಂದು ಹೇಳಲು ನಾಚುತ್ತಾನೆ. ಪೇಟೆಯ ಹುಡುಗ ಅವನ ಮಣ್ಣುಗಾಲು ಕಂಡು ನಗುತ್ತಾನೆ. ಆ ನಾಚಿಕೆಯನ್ನೂ ಈ ನಗುವನ್ನೂ ಕಲಿಸಿದವರು ದೊಡ್ಡವರಾದ ನಾವು. ದುಡಿಮೆಯನ್ನು ಕೀಳೆಂದು ಎಣಿಸುವ ಸಮಾಜದ ಪಾಠ ಅದು.

2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಕೊಡತೊಡಗಿದ ಸೈಕಲ್ಲು ಶಾಲೆಯ ದಾರಿಯನ್ನು ಹತ್ತಿರ ಮಾಡಿತ್ತು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಅದೂ ನಿಂತಿತು. ಬಡವನ ಸವಲತ್ತಿಗೇ ಮೊದಲ ಕತ್ತರಿ!

ಗಿರಣಿ ಕಾರ್ಮಿಕರೇ, ಅಂಗಡಿಕಾರ ಬಂಧುಗಳೇ, ನಿಮ್ಮಲ್ಲಿ ಬಹುಮಂದಿಯ ಹಿರಿಯರು ನೇಗಿಲು ಹಿಡಿದವರೇ. ರೈತನ ಕೈಯಲ್ಲಿ ಕಾಸಿದ್ದರೆ ತಾನೇ ಸಂತೆಯ ವ್ಯಾಪಾರ? ನಿಮ್ಮ ಮಗ ಹಳ್ಳಿಯವನನ್ನು ಹೀಯಾಳಿಸಿದರೆ ತಡೆಯಿರಿ. ಶಾಲೆಯ ವೇಳೆಗೆ ಬಸ್ಸು, ಪ್ರತಿ ಪಾಠಕ್ಕೂ ಖಾಯಂ ಉಪಾಧ್ಯಾಯರು, ವರ್ಷ ತಪ್ಪದೆ ಸೈಕಲ್ಲು: ಇವನ್ನು ಹಳ್ಳಿಯವರೊಡನೆ ನಿಂತು ಕೇಳಿರಿ. ಇದು ಭಿಕ್ಷೆಯಲ್ಲ, ಮಕ್ಕಳ ಹಕ್ಕು.